ಆಮ್ಲಾ ಎಣ್ಣೆಗೆ ಸಿಗೋ ಕ್ರೆಡಿಟ್ ಯಾರದ್ದು?

ಈ ಸಂಚಿಕೆಯಲ್ಲಿ ನಾನು ನೈರೋಬಿಯಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ವಿಷಯ ಆಮ್ಲಾ ಎಣ್ಣೆ. ಅಂದ್ರೆ ನಮ್ಮ ಬೆಟ್ಟದ ನೆಲ್ಲಿಕಾಯಿ ಹೆಸರಲ್ಲಿ ಮಾರೋ ಹಸಿರು ಎಣ್ಣೆ.

ಪಾರ್ಕ್‌ಲ್ಯಾಂಡ್ಸ್‌ನ ಡೈಮಂಡ್ ಪ್ಲಾಜಾಗೆ ಹೋದ್ರೆ ಭಾರತದ ದಿನಸಿ ಜೊತೆ ಇದೂ ಸಿಗುತ್ತೆ. ಊರಿನ ಬೇರೆ ಅಂಗಡಿಗಳಲ್ಲೂ ಇದೆ. ಕೊಳ್ಳೋರು ನಾವು ಮಾತ್ರ ಅಲ್ಲ, ಇಲ್ಲಿನ ಕೀನ್ಯಾ ಹೆಣ್ಣುಮಕ್ಕಳೂ ಬಳಸ್ತಾರೆ. ಇಲ್ಲಿಗೆ ಹೊಸದಾಗಿ ಬಂದ ನಮ್ಮವರ ಕತೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. "ಊರು ಬದಲಾಯ್ತು, ನೀರು ಬದಲಾಯ್ತು, ಮೂರು ತಿಂಗಳಿಗೆ ಕೂದಲು ಕೈಗೆ ಬರೋಕೆ ಶುರುವಾಯ್ತು. ಆಮ್ಲಾ ಎಣ್ಣೆ ಹಚ್ಚಿದೆ, ನಿಂತುಹೋಯ್ತು." ಹೇಳೋರು ಸುಳ್ಳು ಹೇಳ್ತಾ ಇಲ್ಲ. ಕೂದಲು ಉದುರಿದ್ದೂ ನಿಜ, ನಿಂತಿದ್ದೂ ನಿಜ. ಆದ್ರೆ ನಿಲ್ಲಿಸಿದ್ದು ಎಣ್ಣೆಯೇನಾ?

ಮೊದಲು ಕೂದಲಿನ ಲೆಕ್ಕ ನೋಡೋಣ. ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲು ಇರುತ್ತೆ. ಪ್ರತಿ ಕೂದಲಿಗೂ ಚರ್ಮದೊಳಗೆ ಒಂದು ಬುಡ ಇದೆ, ಅದನ್ನು ಫಾಲಿಕಲ್ ಅಂತೀವಿ. ಅದು 2ರಿಂದ 6 ವರ್ಷ ದುಡಿಯುತ್ತೆ, ತಿಂಗಳಿಗೆ ಸುಮಾರು 1 ಸೆಂಟಿಮೀಟರ್‌ನಂತೆ ಕೂದಲು ಬೆಳೆಸುತ್ತೆ. ಆಮೇಲೆ 2-3 ತಿಂಗಳು ವಿಶ್ರಾಂತಿ. ಆ ವಿಶ್ರಾಂತಿ ಮುಗಿಯೋ ಹೊತ್ತಿಗೆ ಹಳೇ ಕೂದಲು ಉದುರಿ, ಅದೇ ಬುಡದಿಂದ ಹೊಸದು ಬರುತ್ತೆ. ದಿನಕ್ಕೆ 50ರಿಂದ 100 ಕೂದಲು ಉದುರೋದು ಮಾಮೂಲಿ.

ಜೋರು ಜ್ವರ, ಆಪರೇಷನ್, ಹೆರಿಗೆ, ಗಬಗಬನೆ ತೂಕ ಇಳಿಸೋದು, ದೊಡ್ಡ ಮಾನಸಿಕ ಒತ್ತಡ, ಇಂಥದ್ದೇನಾದ್ರೂ ಆದಾಗ ಬಹಳಷ್ಟು ಬುಡಗಳು ಒಟ್ಟಿಗೇ ವಿಶ್ರಾಂತಿಗೆ ಹೋಗ್ತವೆ. ಆದ್ರೆ ಕೂದಲು ಆವತ್ತೇ ಉದುರಲ್ಲ. 2-3 ತಿಂಗಳಾದ ಮೇಲೆ ಒಟ್ಟಿಗೆ ಉದುರುತ್ತೆ. ಇದಕ್ಕೆ ಟೆಲೋಜೆನ್ ಎಫ್ಲೂವಿಯಂ ಅಂತ ಹೆಸರು. ಮಗು ತಾಯಿ ಮುಖ ಗುರುತು ಹಿಡಿದು ನಗೋ ಹೊತ್ತಿಗೆ ಬಾಣಂತಿ ಕೂದಲು ಉದುರುತ್ತೆ ಅಂತ ಕೆಲವು ಮನೆಗಳಲ್ಲಿ ಅಜ್ಜಿಯರು ಹೇಳ್ತಾರಲ್ಲ, ಅವರು ಗಮನಿಸಿದ ಸಮಯ ಸರಿಯಾಗೇ ಇದೆ. ಕಾರಣ ಮಾತ್ರ ಮಗುವಿನ ನಗು ಅಲ್ಲ, ಹೆರಿಗೆ ನಂತರ ಇಳಿದುಹೋದ ಹಾರ್ಮೋನು.

ಮುಖ್ಯವಾದ ವಿಷಯ ಇನ್ನು ಮುಂದಿದೆ. ಕಾರಣ ಮುಂದುವರಿಯದಿದ್ರೆ ಈ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗೇ ನಿಲ್ಲುತ್ತೆ, ಕೂದಲು ಮತ್ತೆ ಬರುತ್ತೆ. ಈಗ ನಮ್ಮ ನೈರೋಬಿ ಕತೆಗೆ ಇದನ್ನು ಜೋಡಿಸಿ ನೋಡಿ. ದೇಶ ಬಿಟ್ಟು ಬಂದ ಒತ್ತಡ, ಊಟದ ಏರುಪೇರು, ನಿದ್ದೆಗೇಡು. ಮೂರು ತಿಂಗಳಿಗೆ ಉದುರಲು ಶುರು. ತೀರಾ ಗಾಬರಿಯಾದಾಗ ಎಣ್ಣೆ ಬಾಟಲಿ ಮನೆಗೆ ಬರುತ್ತೆ. ಅಷ್ಟರಲ್ಲಿ ಉದುರೋದು ಹೇಗೂ ಇಳಿಯೋ ಕಾಲ. ಆಮ್ಲಾ ಎಣ್ಣೆ ಬದಲು ಬೇರೆ ಏನೇ ಹಚ್ಚಿದ್ರೂ ಅದಕ್ಕೇ ಹೆಸರು ಬರ್ತಿತ್ತು. ಅದಕ್ಕೇ ವಿಜ್ಞಾನದಲ್ಲಿ ಎಣ್ಣೆ ಹಚ್ಚಿದವರ ಪಕ್ಕದಲ್ಲಿ ಹಚ್ಚದವರನ್ನೂ ಇಟ್ಟು ನೋಡ್ತೀವಿ. ಒಬ್ಬರ ಅನುಭವ ಎಷ್ಟೇ ಪ್ರಾಮಾಣಿಕವಾದ್ರೂ ಈ ಹೋಲಿಕೆ ಅದರಲ್ಲಿ ಇರಲ್ಲ.

ಹಾಗಾದ್ರೆ ಬಾಟಲಿಯೊಳಗೆ ಇರೋದೇನು? ಹಿಂಬದಿಯ ಸಣ್ಣ ಅಕ್ಷರ ಓದಿ. ಪದಾರ್ಥಗಳನ್ನು ಹೆಚ್ಚು ಇರೋದರಿಂದ ಕಡಿಮೆ ಇರೋದಕ್ಕೆ ಇಳಿಯೋ ಕ್ರಮದಲ್ಲಿ ಬರೆದಿರ್ತಾರೆ. ಅಂಗಡಿಯ ಅನೇಕ ಆಮ್ಲಾ ಎಣ್ಣೆಗಳಲ್ಲಿ ಮೊದಲ ಹೆಸರು ಮಿನರಲ್ ಆಯಿಲ್, ಅಂದ್ರೆ ಪೆಟ್ರೋಲಿಯಂನಿಂದ ಶುದ್ಧಿ ಮಾಡಿದ ಎಣ್ಣೆ. ಆಮೇಲೆ ಯಾವುದೋ ಸಸ್ಯದ ಎಣ್ಣೆ. ನೆಲ್ಲಿಕಾಯಿ ಸಾರ, ಸುವಾಸನೆ, ಹಸಿರು ಬಣ್ಣ ಕೆಳಗಡೆ ಇರ್ತವೆ. ಇದನ್ನು ಮೋಸ ಅಂತ ಹೇಳ್ತಾ ಇಲ್ಲ, ಮಿನರಲ್ ಆಯಿಲ್ ವಿಷವೂ ಅಲ್ಲ. ಆದ್ರೆ ಶೇಂಗಾ ಹಿಂಡಿದ ಹಾಗೆ ನೆಲ್ಲಿಕಾಯಿ ಹಿಂಡಿ ತೆಗೆದ ಎಣ್ಣೆ ಅದಲ್ಲ. ನೆಲ್ಲಿಕಾಯಿ ತಿರುಳಲ್ಲಿ ಎಣ್ಣೆ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ.

"ನಾವು ಮನೆಯಲ್ಲೇ ಕಾಯಿಸ್ತೀವಿ" ಅನ್ನೋರಿಗೂ ಒಂದು ಮಾತು. ನೆಲ್ಲಿಕಾಯಿ ತುರಿದು, ಕರಿಬೇವು, ದಾಸವಾಳ ಸೇರಿಸಿ, ಕೊಬ್ಬರಿ ಎಣ್ಣೆಯಲ್ಲಿ ಸೊಯ್ ಅನ್ನೋ ಸದ್ದು ನಿಲ್ಲೋ ತನಕ ಕಾಯಿಸ್ತೀವಿ, ಅಲ್ವಾ? ಆ ಸದ್ದು ನೀರು ಆವಿಯಾಗೋ ಸದ್ದು. ವಿಟಮಿನ್ ಸಿ ನೀರಲ್ಲಿ ಕರಗೋ ವಸ್ತು, ಎಣ್ಣೆಯಲ್ಲಿ ಕರಗಲ್ಲ. ನೆಲ್ಲಿಕಾಯಿಯ ಟ್ಯಾನಿನ್‌ಗಳೂ ಬಹುಪಾಲು ಹಾಗೇ. ಸೋಸಿ ಬಿಸಾಡೋ ಚರಟದಲ್ಲೇ ನೆಲ್ಲಿಕಾಯಿಯ ಹೆಚ್ಚಿನ ಸತ್ವ ಉಳಿದುಹೋಗುತ್ತೆ.

ಆದ್ರೆ ಆ ಕೊಬ್ಬರಿ ಎಣ್ಣೆ ದಂಡ ಅಲ್ಲ. 2003ರಲ್ಲಿ ರೇಲೆ ಮತ್ತು ಮೋಹಿಲೆ ಅನ್ನೋ ಇಬ್ಬರು ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿದ್ರು. ತೊಳೆಯೋವಾಗ, ಬಾಚೋವಾಗ ಕೂದಲಿನಿಂದ ಕಳೆದುಹೋಗೋ ಪ್ರೋಟೀನನ್ನು ಕೊಬ್ಬರಿ ಎಣ್ಣೆ ಮಾತ್ರ ಗಮನಾರ್ಹವಾಗಿ ಕಡಿಮೆ ಮಾಡಿತ್ತು. ಅದರ ಲಾರಿಕ್ ಆಮ್ಲದ ಅಣು ಸಣ್ಣದು, ನೇರವಾದದ್ದು. ಹಾಗಾಗಿ ಕೂದಲೆಳೆಯ ಒಳಗೆ ಇಳಿಯುತ್ತೆ. ಸಂಶೋಧಕರು ಕೊಬ್ಬರಿ ಎಣ್ಣೆ ಮಾರೋ ಕಂಪನಿಯವರೇ ಅನ್ನೋದನ್ನೂ ನೆನಪಿಡಿ. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ, ಸಮಭಾಜಕದ ಹತ್ತಿರ. ಬಿಸಿಲಿನ ಅತಿನೇರಳೆ ಕಿರಣ ಜಾಸ್ತಿ, ಕೂದಲು ಒರಟಾಗೋದು ಸಹಜ. ತಲೆ ಸ್ನಾನಕ್ಕೆ ಮುಂಚೆ ಎಣ್ಣೆ ಹಚ್ಚಿದ್ರೆ ಎಳೆ ತುಂಡಾಗೋದು ಕಡಿಮೆಯಾಗುತ್ತೆ. ಜುಲೈ ಚಳಿಗೆ ಇಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತೆ, ಬಾಟಲಿಯನ್ನು ಬಿಸಿನೀರಲ್ಲಿ ಇಟ್ಟರೆ ಸಾಕು.

ನೆನಪಿಡಬೇಕಾದ್ದು ಇಷ್ಟು: ಹೊರಗೆ ಕಾಣೋ ಕೂದಲು ಜೀವವಿಲ್ಲದ ಕೆರಾಟಿನ್ ಎಳೆ. ಎಣ್ಣೆ ಆ ಎಳೆಯನ್ನು ಕಾಪಾಡುತ್ತೆ. ಹೊಸ ಕೂದಲು ಹುಟ್ಟೋದು ಚರ್ಮದೊಳಗಿನ ಬುಡದಲ್ಲಿ. ಪ್ರಯೋಗಾಲಯದಲ್ಲಿ ನೆಲ್ಲಿಕಾಯಿ ಸಾರಕ್ಕೆ 5-ಆಲ್ಫಾ ರಿಡಕ್ಟೇಸ್ ಅನ್ನೋ ಕಿಣ್ವವನ್ನು ತಡೆಯೋ ಗುಣ ಕಂಡಿದೆ. ಗಂಡಸರ ಬೋಳುತಲೆಗೆ ಕೊಡೋ ಫಿನಾಸ್ಟರೈಡ್ ಮಾತ್ರೆಯ ಗುರಿಯೂ ಅದೇ ಕಿಣ್ವ. ಆದ್ರೆ ಪರೀಕ್ಷಾನಳಿಕೆಯಲ್ಲಿ ಆಲ್ಕೋಹಾಲ್‌ನಲ್ಲಿ ತೆಗೆದ ಸಾರ ಮಾಡಿದ್ದನ್ನು ಬಾಟಲಿಯ ಎಣ್ಣೆ ನಿಮ್ಮ ತಲೆ ಮೇಲೆ ಮಾಡುತ್ತೆ ಅಂತ ಹೇಳೋಕಾಗಲ್ಲ.

ನೆಲ್ಲಿಕಾಯಿ ನಿಜವಾಗಿ ಕೆಲಸ ಮಾಡೋ ಜಾಗ ಹೊಟ್ಟೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಪಟ್ಟಿಯಲ್ಲಿ 100 ಗ್ರಾಂ ನೆಲ್ಲಿಕಾಯಿಗೆ 600 ಮಿಲಿಗ್ರಾಂ ವಿಟಮಿನ್ ಸಿ ಅಂತ ಇತ್ತು. 2017ರ ಹೊಸ ಪಟ್ಟಿಯಲ್ಲಿ ಅದು ಸುಮಾರು 250. ಕಡಿಮೆಯಾಯ್ತಲ್ಲ ಅಂತ ಬೇಸರ ಬೇಡ. ದೊಡ್ಡವರಿಗೆ ದಿನಕ್ಕೆ ಬೇಕಾಗೋದು 100 ಮಿಲಿಗ್ರಾಂ ಒಳಗೇ. 1936ರಲ್ಲಿ ದಾಮೋದರನ್ ಮತ್ತು ನಾಯರ್, ನೆಲ್ಲಿಕಾಯಿಯ ಟ್ಯಾನಿನ್ ಅದರ ವಿಟಮಿನ್ ಸಿಯನ್ನು ಕೆಡದಂತೆ ಕಾಯುತ್ತೆ ಅಂತ ತೋರಿಸಿದ್ರು. 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 98 ಮಂದಿಗೆ 12 ವಾರ ನೆಲ್ಲಿಕಾಯಿ ಸಾರ ಅಥವಾ ಹುಸಿ ಮಾತ್ರೆ ಕೊಟ್ಟರು. ಸಾರ ತಗೊಂಡವರಲ್ಲಿ ಎಲ್‌ಡಿಎಲ್, ಟ್ರೈಗ್ಲಿಸರೈಡ್ ಎರಡೂ ಇಳಿದವು. ಸಣ್ಣ ಪ್ರಯೋಗ, ಆದ್ರೆ ಹೋಲಿಕೆ ಇಟ್ಟು ಮಾಡಿದ್ದು. ಇದನ್ನು ಕೇಳಿ ಡಾಕ್ಟರ್ ಕೊಟ್ಟ ಮಾತ್ರೆ ಬಿಡಬೇಡಿ.

ನೈರೋಬಿಯಲ್ಲಿ ತಾಜಾ ನೆಲ್ಲಿಕಾಯಿ ಹುಡುಕಿ ಅಲೆಯೋ ಅಗತ್ಯವೂ ಇಲ್ಲ. ಇಲ್ಲಿ ಮಪೇರಾ ಅನ್ನೋ ಹಣ್ಣು ಸಿಗುತ್ತೆ, ನಮ್ಮ ಸೀಬೆಹಣ್ಣೇ. 100 ಗ್ರಾಂಗೆ 200 ಮಿಲಿಗ್ರಾಂಗೂ ಹೆಚ್ಚು ವಿಟಮಿನ್ ಸಿ. ವಿಂಬಿ ಹಿಟ್ಟು ಸಿಗುತ್ತೆ, ಅದು ನಮ್ಮ ರಾಗಿ. ರಾಗಿಯ ಮೂಲ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶವೇ, ಸಾವಿರಾರು ವರ್ಷದ ಹಿಂದೆ ನಮ್ಮ ಕಡೆ ಬಂತು. ರಾಗಿ, ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಹತ್ತೋಕೆ ವಿಟಮಿನ್ ಸಿ ನೆರವಾಗುತ್ತೆ, ಊಟದ ಜೊತೆ ಕುಡಿಯೋ ಚಹಾ ಅಡ್ಡಿ ಮಾಡುತ್ತೆ. ಮುದ್ದೆ ಊಟಕ್ಕೆ ನಿಂಬೆ ಹಿಂಡಿ, ಆಮೇಲೆ ಸೀಬೆ ತಿನ್ನಿ. ಕೀನ್ಯಾ ಚಹಾ ಒಂದು ಗಂಟೆ ಕಾಯಲಿ.

ಎಣ್ಣೆ ಹಚ್ಚಿ ಸುಮ್ಮನೆ ಕೂತ್ಕೋಬಾರದ ಸಂದರ್ಭಗಳೂ ಇವೆ. ಆರು ತಿಂಗಳಾದ್ರೂ ಉದುರೋದು ನಿಲ್ಲದಿದ್ರೆ, ಸುಸ್ತು, ಹೆಚ್ಚು ಮುಟ್ಟಿನ ಸ್ರಾವ, ತೂಕದ ಏರಿಳಿತ ಜೊತೆಗಿದ್ರೆ, ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಎಣ್ಣೆ ರಕ್ತಹೀನತೆ ತುಂಬಲ್ಲ. ನಾಣ್ಯದ ಹಾಗೆ ದುಂಡಗೆ ಬೋಳಾದ್ರೆ, ನೆತ್ತಿ ಕೆಂಪಾಗಿ ಉರಿದ್ರೆ, ಚರ್ಮದ ಡಾಕ್ಟರ್ ಹತ್ರ ಹೋಗಿ.

ಮಕ್ಕಳಿಗೆ ಇಲ್ಲಿನ ಸಲೂನುಗಳಲ್ಲಿ ಸಣ್ಣ ಜಡೆ ಹೆಣೆಸೋ ಅಪ್ಪ-ಅಮ್ಮಂದಿರು ಹಣೆ ಅಂಚು, ಕಿವಿ ಹತ್ತಿರ ಗಮನಿಸಿ. ಬಿಗಿ ಎಳೆತದಿಂದ ಕೂದಲು ಹೋಗೋದಕ್ಕೆ ಟ್ರಾಕ್ಷನ್ ಅಲೊಪೀಸಿಯಾ ಅಂತಾರೆ. ನಮ್ಮ ಬಿಗಿ ಎರಡು ಜಡೆಗೂ, ಸಿಖ್ ಹುಡುಗರ ಬಿಗಿ ಗಂಟಿಗೂ ಇದು ಅನ್ವಯಿಸುತ್ತೆ. ಶುರುವಲ್ಲೇ ಸಡಿಲ ಬಿಟ್ಟರೆ ಕೂದಲು ವಾಪಸ್ ಬರುತ್ತೆ. ವರ್ಷಗಟ್ಟಲೆ ಎಳೆದ್ರೆ ಬುಡವೇ ಕಲೆಗಟ್ಟಿ ಮುಚ್ಚಿಹೋಗುತ್ತೆ, ಆಮೇಲೆ ಯಾವ ಎಣ್ಣೆಯೂ ಅದನ್ನು ತೆರೆಯಲ್ಲ. ಇಲ್ಲಿ ಎಣ್ಣೆ ನಂಬಿ ಕಳೆದ ತಿಂಗಳುಗಳು ತುಂಬಾ ದುಬಾರಿ.

ಇನ್ನೆರಡು ಎಚ್ಚರಿಕೆ. ಹೊಟ್ಟಿಗೆ ಕಾರಣವಾಗೋ ಮಲಸೇಝಿಯಾ ಅನ್ನೋ ಶಿಲೀಂಧ್ರದ ಆಹಾರವೇ ಕೊಬ್ಬು, ಹಾಗಾಗಿ ಹೊಟ್ಟು ಇರೋರು ರಾತ್ರಿಯಿಡೀ ನೆತ್ತಿಗೆ ಎಣ್ಣೆ ಬಿಡಬೇಡಿ. ಹಣೆ, ಕೆನ್ನೆ, ಕುತ್ತಿಗೆಯಲ್ಲಿ ಬೂದುಗಪ್ಪು ಕಲೆ ಹರಡೋ ಲೈಕನ್ ಪ್ಲಾನಸ್ ಪಿಗ್ಮೆಂಟೋಸಸ್ ಅನ್ನೋ ತೊಂದರೆಯಲ್ಲಿ ಚರ್ಮವೈದ್ಯರು ಸಾಸಿವೆ ಎಣ್ಣೆ, ಆಮ್ಲಾ ಎಣ್ಣೆ ಎರಡರ ಮೇಲೂ ಸಂಶಯ ಪಟ್ಟಿದ್ದಾರೆ. ಅಂಥ ಕಲೆ ಕಂಡ್ರೆ ಎಣ್ಣೆ ನಿಲ್ಲಿಸಿ ತೋರಿಸಿ.

ಭಾನುವಾರ ಅಮ್ಮನ ಕೈಯಲ್ಲಿ ಎಣ್ಣೆ ಹಚ್ಚಿಸ್ಕೊಳ್ಳೋ ಸುಖಕ್ಕೆ ಯಾವ ಪ್ರಯೋಗವೂ ಬೇಡ, ಅದನ್ನು ಬಿಡಬೇಡಿ. ಕೂದಲು ಉದುರೋಕೆ ಶುರುವಾದ ದಿನದಿಂದ ಮೂರು ತಿಂಗಳು ಹಿಂದಕ್ಕೆ ಎಣಿಸಿ, ಆಗ ಏನಾಗಿತ್ತು ಅಂತ ಬರೆದಿಡಿ. ಡಾಕ್ಟರ್ ಕೇಳೋ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು.