ಮುತ್ಯಾನ ಮರೆವಿಗೆ ಪಂಚಾಯಿತಿಯ ವಿಆರ್‌ಡಬ್ಲ್ಯೂ

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದ ಗ್ರಾಮ ಪಂಚಾಯಿತಿ ಕಚೇರಿಗೆ ಹೋಗಿ ‘ಅಂಗವಿಕಲರ ಪಗಾರದ ಕೆಲಸ ಯಾರು ನೋಡ್ತಾರ್ರಿ?’ ಎಂದು ಕೇಳಿದರೆ ಬಹುತೇಕ ಕಡೆ ಬರುವ ಉತ್ತರ ಒಂದೇ: ‘ವಿಆರ್‌ಡಬ್ಲ್ಯೂ ನೋಡ್ತಾರ್ರಿ’. ಕಾಗದದಲ್ಲಿ ಈ ಹುದ್ದೆಯ ಹೆಸರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಪಗಾರ ಎಂದರೆ ಇಲ್ಲಿನ ಮಾತಿನಲ್ಲಿ ಸರ್ಕಾರದ ಪಿಂಚಣಿಯೂ ಹೌದು. ಆ ಪಗಾರದ ಅರ್ಜಿ ತುಂಬಿಸುವ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಲು ಜಿಲ್ಲಾ ಆಸ್ಪತ್ರೆಯ ದಾರಿ ತೋರಿಸುವ, ಗಾಲಿಕುರ್ಚಿ, ಶ್ರವಣಸಾಧನಗಳಿಗೆ ಹೆಸರು ಬರೆಸುವ ಈ ಕಾರ್ಯಕರ್ತರು ಸ್ವತಃ ಅಂಗವಿಕಲರು.

ಕರ್ನಾಟಕದಲ್ಲಿ ಗ್ರಾಮೀಣ ಪುನರ್ವಸತಿ ಯೋಜನೆ ಶುರುವಾದದ್ದು 2007–08ರಲ್ಲಿ. ಗ್ರಾಮ ಪಂಚಾಯಿತಿಗೊಬ್ಬ ವಿಆರ್‌ಡಬ್ಲ್ಯೂ, ಅವರಿಗೆ ಮಾರ್ಗದರ್ಶನ ಮಾಡಲು ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ, ಪಟ್ಟಣಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತ. ಹಳ್ಳಿಯ ಹುದ್ದೆಗೆ ಎಸ್ಸೆಸ್ಸೆಲ್ಸಿ ಓದಿರಬೇಕು, ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರಬೇಕು, ಅದೇ ಪಂಚಾಯಿತಿ ವ್ಯಾಪ್ತಿಯ ನಿವಾಸಿಯಾಗಿರಬೇಕು. ಸಂಬಳವಿಲ್ಲ, ತಿಂಗಳಿಗೊಂದು ಗೌರವಧನವಿದೆ. ಕಾಲಿನ ಶಕ್ತಿ ಕುಂದಿದವರು, ದೃಷ್ಟಿ ಮಂದವಾದವರು, ಕಿವಿ ಕೇಳದವರು ಹೀಗೆ ಊರೂರಿನ ಯುವಕ ಯುವತಿಯರು ಈ ಕೆಲಸಕ್ಕೆ ಬಂದರು. ನೆರವಿನ ಪಟ್ಟಿಯಲ್ಲಿ ಹೆಸರಾಗಿದ್ದವರು ನೆರವು ತಲುಪಿಸುವವರಾದದ್ದು ಈ ಯೋಜನೆಯ ದೊಡ್ಡ ಸಾಧನೆ.

ಅವರು ಕೆಲಸ ಮಾಡುವ ಇಲಾಖೆಯ ಹೆಸರಿನಲ್ಲೇ ಇನ್ನೊಂದು ಹೊಣೆಯೂ ಇದೆ: ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಅಂಗವಿಕಲರ ಮನೆ ಹುಡುಕಿ ಹೋದವರಿಗೆ ಪಡಸಾಲೆಯಲ್ಲಿ ಕೂತ ಮುತ್ಯಾ, ಒಲೆ ಮುಂದಿನ ಆಯಿ ಕಾಣದೆ ಇರುವುದಿಲ್ಲ. ಮರೆವಿನ ಕಾಯಿಲೆ, ಅಂದರೆ ಡಿಮೆನ್ಶಿಯಾ, ಈ ಕಾರ್ಯಕರ್ತರ ಎದುರಿಗೆ ಬರುವುದು ಅಲ್ಲೇ.

ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಈ ಕಾಯಿಲೆಗೆ ಒಂದು ವಿಶೇಷ ಕಷ್ಟವಿದೆ. ಮಳೆ ಕೈಕೊಟ್ಟ ವರ್ಷ ದುಡಿಯುವ ವಯಸ್ಸಿನವರು ಮಹಾರಾಷ್ಟ್ರಕ್ಕೆ, ಗೋವಾಕ್ಕೆ ಗುಳೆ ಹೋಗುತ್ತಾರೆ. ಮನೆ ಕಾಯಲು ಉಳಿಯುವುದು ಮುದುಕರು, ಶಾಲೆಗೆ ಹೋಗುವ ಮಕ್ಕಳು. ನೀರಾವರಿ ಇರುವ ಕಡೆ, ತಿಕೋಟಾದ ದ್ರಾಕ್ಷಿ ತೋಟಗಳ ಸುತ್ತ, ಸುಗ್ಗಿಯ ದಿನಗಳಲ್ಲಿ ಹಗಲಿಡೀ ಮನೆಯಲ್ಲಿ ಯಾರೂ ಇರುವುದಿಲ್ಲ. ಉಂಡು ಕೈತೊಳೆದ ಆಯಿ ಅರ್ಧ ಗಂಟೆಯಲ್ಲಿ ‘ನನಗ ರೊಟ್ಟಿ ಕೊಡವಲ್ರು’ ಎಂದು ಓಣಿಯವರ ಮುಂದೆ ಕಣ್ಣೀರಿಟ್ಟರೆ ಸೊಸೆಗೆ ಕೆಟ್ಟ ಹೆಸರು. ಹೊಲಕ್ಕೆಂದು ಹೊರಟ ಮುತ್ಯಾ ಐವತ್ತು ವರ್ಷ ನಡೆದ ದಾರಿಯಲ್ಲೇ ತಪ್ಪಿದರೆ ಮನೆಯವರಿಗೆ ಗಾಬರಿ. ಆದರೂ ‘ಅರವತ್ತಕ್ಕ ಅರಳುಮರಳು, ವಯಸ್ಸಾತಲ್ಲ’ ಎಂದು ವೈದ್ಯರ ಬಳಿಗೆ ಹೋಗುವುದು ಮುಂದಕ್ಕೆ ಬೀಳುತ್ತದೆ.

ಇದು ವಯಸ್ಸಿನ ಸಹಜ ಮರೆವಲ್ಲ. ದೇಶದಾದ್ಯಂತ ನಡೆದ ಲಾಸಿ–ಡ್ಯಾಡ್ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಭಾರತದಲ್ಲಿ 60 ದಾಟಿದವರ ಪೈಕಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ನಗರದಲ್ಲಿ ಶೇ 5.3, ಹಳ್ಳಿಯಲ್ಲಿ ಶೇ 8.4. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಕಾಯಿಲೆ ಜಾಸ್ತಿ ಇರುವ ಹಳ್ಳಿಯಲ್ಲೇ ಅದನ್ನು ಗುರುತಿಸಬಲ್ಲ ವೈದ್ಯರು ಕಡಿಮೆ.

ಬೇಗ ಗುರುತಿಸಿದರೆ ಏನು ಲಾಭ? ಮೊದಲನೆಯದಾಗಿ, ಮರೆವೆಲ್ಲ ಡಿಮೆನ್ಶಿಯಾ ಅಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಬಿದ್ದಾಗ ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ, ಇವೆಲ್ಲ ಮರೆವಿನ ವೇಷದಲ್ಲಿ ಬರುತ್ತವೆ ಮತ್ತು ಇವಕ್ಕೆ ಚಿಕಿತ್ಸೆಯಿದೆ. ಎರಡನೆಯದಾಗಿ, ಗುಣವಾಗದ ಆಲ್‌ಝೈಮರ್‌ನಲ್ಲೂ ಕಾಯಿಲೆಯ ಹೆಸರು ತಿಳಿದ ಮನೆಯಲ್ಲಿ ಬೈಗುಳ ಕಡಿಮೆಯಾಗುತ್ತದೆ. ‘ಬೇಕಂತ ಮಾಡ್ತಾರ’ ಎಂಬ ಸಿಟ್ಟು ಇಳಿದರೆ ಆರೈಕೆಯ ಅರ್ಧ ಭಾರ ಇಳಿದಂತೆ.

ವಿಆರ್‌ಡಬ್ಲ್ಯೂ ಈಗಾಗಲೇ ಮಾಡುತ್ತಿರುವ ಒಂದು ಕೆಲಸ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಲ್ಯಾನ್ಸೆಟ್ ಆಯೋಗದ 2024ರ ವರದಿ ಡಿಮೆನ್ಶಿಯಾ ಅಪಾಯ ಹೆಚ್ಚಿಸುವ, ಆದರೆ ತಡೆಯಬಹುದಾದ 14 ಅಂಶಗಳನ್ನು ಪಟ್ಟಿ ಮಾಡಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಒಂಟಿತನಗಳ ಜೊತೆಗೆ ಕಿವುಡುತನವೂ ಅದರಲ್ಲಿದೆ, ಚಿಕಿತ್ಸೆ ಕಾಣದ ದೃಷ್ಟಿದೋಷವೂ ಇದೆ. ಕಿವಿ ಕೇಳದವರು ಮಾತುಕತೆಯಿಂದ ದೂರವಾಗುತ್ತಾರೆ, ಮಾತಿಲ್ಲದ ಮಿದುಳಿಗೆ ಕೆಲಸ ಕಡಿಮೆಯಾಗುತ್ತದೆ. ಬಡ ಹಿರಿಯರಿಗೆ ಶ್ರವಣಸಾಧನ, ಕನ್ನಡಕ, ಊರುಗೋಲು ಉಚಿತವಾಗಿ ಕೊಡುವ ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ. ಆ ಯೋಜನೆಯ ಶಿಬಿರಕ್ಕೆ ಮುತ್ಯಾನ ಹೆಸರು ಬರೆಸಿ, ಕರೆದುಕೊಂಡು ಹೋಗಿ, ಕಿವಿಗೆ ಯಂತ್ರ ಹಾಕಿಸುವ ವಿಆರ್‌ಡಬ್ಲ್ಯೂ ಆ ಹಿರಿಯರ ಮಿದುಳನ್ನೂ ಕಾಯುತ್ತಿದ್ದಾರೆ.

ಅಂಗವಿಕಲ ಯುವಜನರಿಗೆ ತಾಳ್ಮೆ ಹುಟ್ಟಿನಿಂದ ಬಂದಿರುತ್ತದೆ ಎನ್ನುವುದು ಹೊರಗಿನವರು ಹೊರಿಸುವ ಹೊಗಳಿಕೆ. ಅವರಲ್ಲಿ ನಿಜವಾಗಿ ಇರುವುದು ಅನುಭವದಿಂದ ಬಂದ ಕಸುಬು. ಯಾವ ಕಚೇರಿಯಲ್ಲಿ ಯಾವ ಕಾಗದ ಕೇಳುತ್ತಾರೆ, ಯಾವ ದಿನ ಆಸ್ಪತ್ರೆಗೆ ವೈದ್ಯರು ಬರುತ್ತಾರೆ, ಮೆಟ್ಟಿಲಿಗೆ ಹಿಡಿಕೆ ಎಲ್ಲಿ ಬೇಕು, ಇನ್ನೊಬ್ಬರ ಕೈ ಹಿಡಿದು ನಡೆಯುವವರಿಗೆ ಯಾವ ಮಾತು ನೋಯಿಸುತ್ತದೆ ಎಂಬುದನ್ನು ಅವರು ಪುಸ್ತಕದಿಂದ ಕಲಿತಿಲ್ಲ. ಸರ್ಕಾರ ಕೊಟ್ಟ, ಹಿಂದೆ ಎರಡು ಹೆಚ್ಚುವರಿ ಗಾಲಿ ಇರುವ ಸ್ಕೂಟರ್ ಏರಿ ತೋಟದ ವಸ್ತಿಗಳಿಗೂ ಹೋಗಿ ಬರುವವರಿದ್ದಾರೆ.

ಇಂಥ ಯುವಜನರನ್ನೇ ಮರೆವಿನ ಹಿರಿಯರ ಜೊತೆ ಕೆಲಸಕ್ಕೆ ತೊಡಗಿಸಿದ ಊರು ಜಪಾನಿನಲ್ಲಿದೆ. ತೊಯಾಮಾ ನಗರದಲ್ಲಿ 1993ರಲ್ಲಿ, ರೆಡ್‌ಕ್ರಾಸ್ ಆಸ್ಪತ್ರೆಯ ಕೆಲಸ ಬಿಟ್ಟು ಬಂದ ಮೂವರು ನರ್ಸ್‌ಗಳು ಕಯೊಕೊ ಸೋಮಾನ್ ಅವರ ಮುಂದಾಳತ್ವದಲ್ಲಿ ‘ಕೊನೊ ಯುಬಿ ತೊಮಾರೆ’ ಎಂಬ ಹಗಲು ಆರೈಕೆಯ ಮನೆ ತೆರೆದರು. ಮರೆವಿನ ಹಿರಿಯರು, ಹಾಲುಗಲ್ಲದ ಮಕ್ಕಳು, ಅಂಗವಿಕಲರು ಒಂದೇ ಸೂರಿನಡಿ. ಬೌದ್ಧಿಕ ವೈಕಲ್ಯವಿರುವ ಯುವಜನ ಅಲ್ಲಿ ಗೌರವಧನ ಪಡೆದು ಹಿರಿಯರಿಗೆ ಊಟ ಬಡಿಸುತ್ತಾರೆ, ಮನೆ ಸ್ವಚ್ಛ ಮಾಡುತ್ತಾರೆ, ಜೊತೆಗೆ ಕೂತು ಮಾತಾಡುತ್ತಾರೆ. ಮೊದಮೊದಲು ಸರ್ಕಾರದ ಅನುದಾನ ಇಂಥ ಮಿಶ್ರ ಮನೆಗೆ ಒಗ್ಗಲಿಲ್ಲ, ವೃದ್ಧರದ್ದು ಒಂದು ಖಾತೆ, ಅಂಗವಿಕಲರದ್ದು ಇನ್ನೊಂದು. ಕೊನೆಗೆ 2018ರಲ್ಲಿ ದೇಶದ ಆರೈಕೆ ವ್ಯವಸ್ಥೆಯೇ ಈ ಮಾದರಿಗೆ ಜಾಗ ಮಾಡಿಕೊಟ್ಟಿತು. ಕರ್ನಾಟಕದಲ್ಲಿ ಎರಡೂ ಖಾತೆಗಳು ಈಗಾಗಲೇ ಒಂದೇ ಇಲಾಖೆಯಲ್ಲಿವೆ.

ಉಳಿದ ಕೊಂಡಿಗಳೂ ರಾಜ್ಯದಲ್ಲಿವೆ. ಮಾನಸಿಕ ಆರೋಗ್ಯವನ್ನು ಜಿಲ್ಲಾ ಮಟ್ಟಕ್ಕೆ ತರುವ ಕಾರ್ಯಕ್ರಮವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮೊದಲು ಪ್ರಯೋಗಿಸಿದ್ದು ಬಳ್ಳಾರಿಯಲ್ಲಿ. ಅದೇ ಮುಂದೆ ದೇಶಕ್ಕೆ ಮಾದರಿಯಾಯಿತು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಪಾರ್ಶ್ವವಾಯು, ಮೂರ್ಛೆರೋಗಗಳ ಜೊತೆ ಡಿಮೆನ್ಶಿಯಾವನ್ನೂ ಸೇರಿಸಿಕೊಂಡಿದೆ. ತೋಟದ ವಸ್ತಿಯ ಮುತ್ಯಾನಿಂದ ಈ ವೈದ್ಯರವರೆಗಿನ ಹಾದಿಯಲ್ಲಿ ಮೊದಲ ಹೆಜ್ಜೆ ಇಡಬಲ್ಲವರು ಆಶಾ ಕಾರ್ಯಕರ್ತೆಯರು ಮತ್ತು ವಿಆರ್‌ಡಬ್ಲ್ಯೂಗಳು.

ಅದಕ್ಕೆ ಬೇಕಾದ ತರಬೇತಿ ಬಹಳ ದೊಡ್ಡದೇನಲ್ಲ. ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳುವುದು, ಹಣದ ಲೆಕ್ಕ ತಪ್ಪುವುದು, ಗೊತ್ತಿದ್ದ ದಾರಿಯಲ್ಲಿ ತಪ್ಪುವುದು, ಸ್ವಭಾವ ಬದಲಾಗುವುದು ಎಂಬ ಲಕ್ಷಣಗಳನ್ನು ಗುರುತಿಸುವುದು. ‘ನಾ ಯಾರು ಹೇಳು ನೋಡೋಣು’ ಎಂದು ಹಿರಿಯರನ್ನು ಪರೀಕ್ಷೆಗೆ ಒಡ್ಡದೆ, ಮೊದಲು ತನ್ನ ಹೆಸರು ಹೇಳಿ ಮಾತು ಶುರು ಮಾಡುವುದು. ಹೊರಗೆ ಹೋದಾಗ ಕಿಸೆಯಲ್ಲಿ ಮನೆಯವರ ಫೋನ್ ನಂಬರಿನ ಚೀಟಿ ಇರುವಂತೆ ನೋಡುವುದು. ಆರೈಕೆ ಮಾಡುವ ಸೊಸೆಗೆ, ಮಗಳಿಗೆ ವಾರಕ್ಕೊಂದು ತಾಸಾದರೂ ಬಿಡುವು ಸಿಗುವಂತೆ ಓಣಿಯವರನ್ನು ಒಪ್ಪಿಸುವುದು. ಇದನ್ನು ಅವರಿಂದ ಕೇಳುವ ಸರ್ಕಾರ ಅವರ ಬಹುಕಾಲದ ಬೇಡಿಕೆಯಾದ ಸೇವಾ ಭದ್ರತೆ, ಬದುಕಲು ಸಾಲುವಷ್ಟು ವೇತನಗಳಿಗೂ ಉತ್ತರ ಕೊಡಬೇಕು. ಹೊಸ ಹೊರೆ ಹಳೆಯ ಗೌರವಧನದಲ್ಲೇ ಬರುವುದು ನ್ಯಾಯವಲ್ಲ.

ಮನೆಯಲ್ಲಿ ಇಂಥ ಹಿರಿಯರಿದ್ದವರು ಪಂಚಾಯಿತಿ ಕಚೇರಿಯಲ್ಲಿ ವಿಆರ್‌ಡಬ್ಲ್ಯೂ ಅವರನ್ನು ಕೇಳಬಹುದು, ವಿಜಯಪುರ ನಗರದವರು ನಗರ ಪುನರ್ವಸತಿ ಕಾರ್ಯಕರ್ತರನ್ನು ಕಾಣಬಹುದು. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567. ಮಾನಸಿಕ ಆರೋಗ್ಯದ ಟೆಲಿ–ಮಾನಸ್ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು. ಎರಡೂ ಕರೆಗಳಿಗೆ ಶುಲ್ಕವಿಲ್ಲ.