ನೊಂದ ಸೀಮೆಗೆ ವಿದ್ಯಾರ್ಥಿಗಳು

ಕಮಲನಗರದಿಂದ ಉದಗೀರಕ್ಕೆ ರೈಲಿನಲ್ಲಿ ಹೋಗತಕ್ಕವರಿಗೆ ರಾಜ್ಯದ ಗಡಿಯನ್ನು ದಾಟಿದುದು ತಿಳಿಯುವುದೇ ಇಲ್ಲ. ಅದೇ ಕರಿಯ ಭೂಮಿ, ಅದೇ ತೊಗರಿ, ಕನ್ನಡ ಮರಾಠಿ ಉರ್ದುಗಳು ಬೆರೆತ ಅದೇ ಮಾತು. 1956ರವರೆಗೆ ಉದಗೀರವೂ ಬೀದರ ಜಿಲ್ಲೆಗೇ ಸೇರಿದ್ದಿತು. ಆದುದರಿಂದ 1948ರ ಸಂಕಟವನ್ನು ಗಡಿಯ ಈಚೆಯವರೂ ಆಚೆಯವರೂ ಒಟ್ಟಿಗೆ ಉಂಡವರು.

ಆ ವರ್ಷದ ವೃತ್ತಾಂತವನ್ನು ನಮ್ಮ ವಾಚಕರು ಬಲ್ಲರು. ಕಾಸೀಂ ರಜ್ವಿಯ ರಜಾಕಾರರ ಹಾವಳಿಗೆ ಅಂಜಿ ಎಷ್ಟೋ ಸಂಸಾರಗಳು ರಾತ್ರೋರಾತ್ರಿ ಬಂಡಿ ಕಟ್ಟಿಕೊಂಡು ನಿಜಾಮರ ಸೀಮೆಯನ್ನು ಬಿಟ್ಟು ಹೊರಟುವು. ಮೇ ತಿಂಗಳಲ್ಲಿ ಗೋರಟಾ ಗ್ರಾಮದಲ್ಲಿ ಭೀಕರವಾದ ಕೊಲೆ ನಡೆಯಿತು. ಸೆಪ್ಟೆಂಬರ 13ರಂದು ಭಾರತದ ಸೈನ್ಯವು ಒಳಹೊಕ್ಕಿತು. 17ರಂದು ನಿಜಾಮರು ಸೋಲನ್ನೊಪ್ಪಿಕೊಂಡರು. ಕಥೆಯನ್ನು ಇಲ್ಲಿಗೆ ಮುಗಿಸುವುದು ವಾಡಿಕೆ. ಆದರೆ ತರುವಾಯ ಸೇಡಿನ ಸರದಿ ಬಂದು, ನಿರಪರಾಧಿಗಳಾದ ಮುಸಲ್ಮಾನರು ಬಹು ಸಂಖ್ಯೆಯಲ್ಲಿ ಹತರಾದರು. ಅದೇ ವರ್ಷದ ಕೊನೆಯಲ್ಲಿ ಸಂಚರಿಸಿದ ಪಂಡಿತ ಸುಂದರಲಾಲರ ಸಮಿತಿಯು ಸಂಸ್ಥಾನದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರವೆಂದು ಅಂದಾಜು ಮಾಡಿ, ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಹೆಸರಿಸಿತು. ಆ ವರದಿ ಜನರ ಕಣ್ಣಿಗೆ ಬಿದ್ದುದು 2013ರಲ್ಲಿ! ಅರುವತ್ತೈದು ವರ್ಷ ಒಂದು ಕಾಗದವು ಕತ್ತಲೆಯಲ್ಲಿದ್ದರೆ, ಮನೆಗಳಲ್ಲಿ ನುಂಗಿಕೊಂಡ ಮಾತುಗಳ ಗತಿಯೇನು?

ಯುದ್ಧದಿಂದ ಹಾಳಾದ ಊರಿಗೆ ತರುಣರು ಕೈಜೋಡಿಸುವ ಕಲ್ಪನೆ ಹೊಸದಲ್ಲ. ಒಂದನೆಯ ಮಹಾಯುದ್ಧದ ತರುವಾಯ, 1920ರಲ್ಲಿ, ಪಿಯರ್ ಸೆರೆಸೋಲ್ ಎಂಬ ಸ್ವಿಸ್ ಗೃಹಸ್ಥರು ಫ್ರಾನ್ಸಿನ ವರ್ದುನ್ ಬಳಿಯ ಎನ್ ಎಂಬ ಹಾಳೂರಿಗೆ ಹೋಗಿ, ಕೆಲವರು ಸ್ವಯಂಸೇವಕರೊಡನೆ ಮನೆಗಳನ್ನು ಕಟ್ಟತೊಡಗಿದರು. ಅವರಲ್ಲಿ ಜರ್ಮನರೂ ಇದ್ದರು, ಎಂದರೆ ಶತ್ರುದೇಶದವರು. ಕೆಲಸವು ತಿಂಗಳುಗಳಲ್ಲಿಯೇ ನಿಂತುಹೋಯಿತು. ಆದರೆ ಅದೇ ಸೆರೆಸೋಲರು 1934ರ ಭೂಕಂಪದ ತರುವಾಯ ಬಿಹಾರಕ್ಕೂ ಬಂದು ದುಡಿದರು.

ನಮ್ಮಲ್ಲಿ ಈ ಕಾರ್ಯಕ್ಕೆ ಹೊಂದತಕ್ಕ ಏರ್ಪಾಡೆಂದರೆ ರಾಷ್ಟ್ರೀಯ ಸೇವಾ ಯೋಜನೆ. ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಬಂದಿದ್ದ ಡಾ. ವಿ. ಕೆ. ಆರ್. ವಿ. ರಾವ್ ಅವರು ಶಿಕ್ಷಣಮಂತ್ರಿಗಳಾಗಿದ್ದಾಗ, 1969ರ ಸೆಪ್ಟೆಂಬರ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ಇದನ್ನು ಆರಂಭಿಸಿದರು. ಸೇರಿದ ವಿದ್ಯಾರ್ಥಿಯು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಮಾಡಬೇಕು. ಏಳು ದಿನ ಒಂದು ಹಳ್ಳಿಯಲ್ಲಿ ಶಿಬಿರ ಹೂಡಬೇಕು. ರಸ್ತೆ ಗುಡಿಸುವುದು, ಗಿಡ ನೆಡುವುದು, ಸಂಜೆಗೆ ಒಂದು ಭಾಷಣ—ಶಿಬಿರವೆಂದರೆ ಇಷ್ಟೇ ಎಂಬಂತೆ ಬಹುಕಡೆ ಆಗಿದೆ. ನಾವು ಇದನ್ನು ಹಳಿಯುವುದಿಲ್ಲ. ಆದರೆ ಕಮಲನಗರದ ಸುತ್ತಿನ ಹಳ್ಳಿಗಳಿಗೆ ಬೇಕಾದುದು ಬೇರೆ.

ನಿಜಾಮರ ಕಾಲದ ಭೂಮಿಯ ಕಾಗದಗಳು ಉರ್ದುವಿನಲ್ಲಿವೆ. ಪೆಟ್ಟಿಗೆಯ ತಳದಲ್ಲಿ ಅಂಥ ಕಾಗದವನ್ನಿಟ್ಟುಕೊಂಡು ಅದನ್ನು ಓದಲಾರದ ಮನೆಗಳು ಅನೇಕ. ಉರ್ದು ಬಲ್ಲ ಒಬ್ಬ ವಿದ್ಯಾರ್ಥಿ, ಕನ್ನಡ ಬಲ್ಲ ಒಬ್ಬಳು ವಿದ್ಯಾರ್ಥಿನಿ ಒಂದೇ ಜಗುಲಿಯ ಮೇಲೆ ಕುಳಿತು ಅದನ್ನು ಓದಿ ಹೇಳಿದರೆ ಆ ಮನೆಗೆ ಉಪಕಾರ, ಓದುವವರಿಗೆ ಪಾಠ. ಎರಡನೆಯದು, ವೃದ್ಧರ ನೆನಪುಗಳನ್ನು ಬರೆದಿಡುವುದು. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಇಂದು ಎಂಬತ್ತೈದನ್ನು ದಾಟಿರುವರು. ಇದಕ್ಕೆ ಕಾಲಾವಕಾಶ ಬಹಳವಿಲ್ಲ. ಬರೆಯುವಾಗ ಎರಡೂ ಓಣಿಗಳಿಗೆ ಹೋಗಬೇಕು. ಒಂದೇ ಓಣಿಯ ದುಃಖವನ್ನು ಬರೆದುಕೊಂಡು ಬರುವುದಾದರೆ ಹೋಗದಿರುವುದೇ ಲೇಸು. ಬರೆದುದರ ಪ್ರತಿಯೊಂದನ್ನು ಹೇಳಿದವರ ಮನೆಗೇ ಮರಳಿ ಕೊಡಬೇಕು.

ಸ್ಥಳಗಳೂ ಒದಗಿವೆ. 2023ರಲ್ಲಿ ಆರಂಭವಾದ ಬೀದರ ವಿಶ್ವವಿದ್ಯಾಲಯವು ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿದೆ. ಉದಗೀರದ ಕಡೆಯ ಕಾಲೇಜುಗಳು ನಾಂದೇಡಿನ ವಿಶ್ವವಿದ್ಯಾಲಯಕ್ಕೆ ಸೇರಿದವು. ಅದು ಸ್ವಾಮಿ ರಾಮಾನಂದ ತೀರ್ಥರ ಹೆಸರನ್ನು ಹೊತ್ತಿದೆ. ಅವರು ಹುಟ್ಟಿದುದು ನಮ್ಮ ಸಿಂದಗಿಯಲ್ಲಿ. ಎರಡೂ ಕಡೆಯ ಮಕ್ಕಳು ಕೂಡಿ ಒಂದು ಶಿಬಿರ ಹೂಡಿದರೆ, ಹಳೆಯ ಜಿಲ್ಲೆ ಏಳು ದಿನವಾದರೂ ಒಂದಾದೀತು. ಕಮಲನಗರದಲ್ಲಿ ಜನಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು, ಹೊರಗೆ ಉರ್ದು ಫಲಕ ತೂಗಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ಈ ಸೀಮೆಯ ಮನೆಮಾತು. ಇಂದಿನವರಿಗೆ ಅಂಥ ಉಪಾಯವೇನೂ ಬೇಕಿಲ್ಲ. ಎರಡನ್ನೂ ಬಹಿರಂಗವಾಗಿಯೇ ಕಲಿಯಬಹುದು.

ಆ ಕಡೆಗೆ ಹೋಗಿದ್ದಾಗ ಒಬ್ಬ ಮುದುಕಿಯನ್ನು ಆ ದಿನಗಳ ಕುರಿತು ಕೇಳಿದೆವು. ಮೊರವನ್ನು ಕೆಳಗಿಡದೆಯೇ ನಮ್ಮನ್ನು ನೋಡಿ, "ಕೇಳಾಕ ಬಂದವ್ರು ಒಂದ್ ತಾಸಿನ್ಯಾಗ ಹೋಗ್ತಾರ, ಯಪ್ಪಾ. ನನ್ನ ಮಾತು ಒಂದ್ ತಾಸಿಂದಲ್ಲ" ಎಂದಳು. ಎಷ್ಟು ದಿನ ಬೇಕಮ್ಮಾ ಎಂದೆವು. "ತೊಗರಿ ರಾಶಿ ಮುಗೀಲಿ, ಆಮ್ಯಾಲ ಬರ್ರಿ. ಇಲ್ಲೇ ಉಣ್ಣೀರಂತ."