ಗುವಾಂಗ್‌ಝೌನಲ್ಲಿ ಮೊದಲ ನಾಲ್ಕು ದಿನ

ಮಗನೋ ಅಳಿಯನೋ ವ್ಯಾಪಾರಕ್ಕೆಂದು ಚೀನಾದ ಗುವಾಂಗ್‌ಝೌ ನಗರದಲ್ಲಿದ್ದಾನೆ. “ಒಮ್ಮೆ ಬಂದು ಹೋಗಿ” ಎಂದು ಫೋನ್ ಮಾಡಿದಾಗಲೆಲ್ಲ ಕರೆಯುತ್ತಾನೆ. ನಿಮಗೋ ಅರುವತ್ತು ದಾಟಿದೆ. ಮೊಣಕಾಲು ನೋವು, ಭಾಷೆ ಬಾರದು, ಹಲಾಲ್ ಊಟ ಸಿಗುತ್ತದೋ ಇಲ್ಲವೋ ಎಂಬ ಅಂಜಿಕೆ ಬೇರೆ. ಹೋದರೂ ಮಗ ಕೆಲಸ ಮುಗಿಸಿ ಬರುವವರೆಗೆ ಫ್ಲ್ಯಾಟಿನ ಕಿಟಕಿಯಿಂದ ರಸ್ತೆ ನೋಡುತ್ತಾ ದಿನ ಕಳೆದು ಹಿಂದಿರುಗುವ ಹಿರಿಯರಿದ್ದಾರೆ. ನೀವು ಹಾಗೆ ಮಾಡಬೇಡಿ. ಈ ನಗರ ನಮಗೆ ತೀರಾ ಪರಕೀಯವಲ್ಲ.

14ನೇ ಶತಮಾನದ ಪ್ರವಾಸಿ ಇಬ್ನ್ ಬತೂತ ನಮ್ಮ ಹೊನ್ನಾವರವನ್ನೂ ಮಂಗಳೂರನ್ನೂ ಕಂಡವನು. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗಾಗಿ 13 ಮದ್ರಸಗಳಿದ್ದವೆಂದು ಬರೆದವನೂ ಅವನೇ. ಅದೇ ಪ್ರವಾಸಕಥನದಲ್ಲಿ ಅವನು ಗುವಾಂಗ್‌ಝೌವನ್ನೂ ವರ್ಣಿಸಿದ್ದಾನೆ. ಅಲ್ಲಿ ಮುಸ್ಲಿಮರ ಕೇರಿ, ಜುಮಾ ಮಸೀದಿ, ಪೇಟೆ, ಖಾಝಿ ಎಲ್ಲವೂ ಇದ್ದವಂತೆ. 2020ರಲ್ಲಿ ನಿಂತುಹೋದ ಭಾರತ-ಚೀನಾ ನೇರ ವಿಮಾನ ಸಂಚಾರ 2025ರ ಅಕ್ಟೋಬರ್‌ನಲ್ಲಿ ಪುನಃ ಆರಂಭವಾದದ್ದು ಕೋಲ್ಕತ್ತಾದಿಂದ ಇದೇ ಊರಿಗೆ.

ಮೊದಲ ದಿನ: ವಿಶ್ರಾಂತಿ

ಚೀನಾದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ದೇಹ ಹೊಂದಿಕೊಳ್ಳಲಿ, ಅಂದು ಎಲ್ಲಿಗೂ ಹೋಗಬೇಡಿ. ಮಾತ್ರೆಗಳ ಹೊತ್ತನ್ನು ವೈದ್ಯರಲ್ಲಿ ಮೊದಲೇ ಕೇಳಿಕೊಂಡಿರಿ. ಹೋಟೆಲಿನಲ್ಲಿ ಉಳಿಯದೆ ಮಗನ ಮನೆಯಲ್ಲೇ ಇಳಿದುಕೊಂಡರೆ 24 ಗಂಟೆಯೊಳಗೆ ಸ್ಥಳೀಯ ಪೊಲೀಸರಲ್ಲಿ ಹೆಸರು ನೋಂದಾಯಿಸಬೇಕು. ಇದನ್ನು ಮರೆಯುವಂತಿಲ್ಲ. ಮನೆಯ ವಿಳಾಸವನ್ನು ಚೀನೀ ಲಿಪಿಯಲ್ಲಿ ಬರೆಸಿದ ಚೀಟಿಯೊಂದು ಗಂಡನ ಜೇಬಿನಲ್ಲೂ ಇನ್ನೊಂದು ಹೆಂಡತಿಯ ಚೀಲದಲ್ಲೂ ಇರಲಿ. ದಾರಿ ತಪ್ಪಿದರೆ ಟ್ಯಾಕ್ಸಿಯವನಿಗೆ ಅದನ್ನು ತೋರಿಸಿದರೆ ಸಾಕು. ನಮ್ಮ ವಾಟ್ಸಾಪ್, ಗೂಗಲ್ ಅಲ್ಲಿಯ ಇಂಟರ್ನೆಟ್ಟಿನಲ್ಲಿ ಸಾಮಾನ್ಯವಾಗಿ ತೆರೆಯುವುದಿಲ್ಲ. ಆದ್ದರಿಂದ ಊರಿನಲ್ಲಿರುವ ಮಕ್ಕಳಿಗೆ ಮೊದಲೇ ಹೇಳಿಡಿ. ಇಲ್ಲದಿದ್ದರೆ ಇಲ್ಲಿ ಅವರಿಗೆ ಗಾಬರಿ, ಅಲ್ಲಿ ನಿಮಗೆ ಸಂಕಟ.

ಕಿಬ್ಲಾ ಹುಡುಕಲು ತೊಂದರೆಯಿಲ್ಲ. ನಮ್ಮಲ್ಲಿಯಂತೆಯೇ ಪಶ್ಚಿಮಕ್ಕೆ, ತುಸು ಉತ್ತರದ ಕಡೆಗೆ.

ಎರಡನೆಯ ದಿನ: ಉದ್ಯಾನ

ಬೆಳಿಗ್ಗೆ ಯುಯೆಶಿಯು ಉದ್ಯಾನಕ್ಕೆ ಹೋಗಿ. ಅದೇ ಹೆಸರಿನ ಮೆಟ್ರೋ ನಿಲ್ದಾಣವಿದೆ. ನಿಲ್ದಾಣದಲ್ಲಿ ಚೀಲವನ್ನು ಯಂತ್ರದಲ್ಲಿ ತಪಾಸಿಸುತ್ತಾರೆ, ಹೆದರಬೇಡಿ. ಉದ್ಯಾನದೊಳಗೆ ನಿಮ್ಮ ವಯಸ್ಸಿನವರೇ ಗುಂಪುಗುಂಪಾಗಿ ವ್ಯಾಯಾಮ ಮಾಡುವುದನ್ನೂ, ಗರಿ ಸಿಕ್ಕಿಸಿದ ಚೆಂಡನ್ನು ಕಾಲಿನಿಂದ ಒದ್ದು ಆಡುವುದನ್ನೂ ಕಾಣುತ್ತೀರಿ. ವಯಸ್ಸಾಯಿತೆಂದು ಮೂಲೆ ಹಿಡಿದವರಲ್ಲ ಅವರು. ಐದು ಟಗರುಗಳ ದೊಡ್ಡ ಶಿಲಾಪ್ರತಿಮೆ ಇರುವುದೂ ಇಲ್ಲೇ. ಟಗರುಗಳು ಬತ್ತದ ತೆನೆ ತಂದು ಈ ಊರಿನ ಹಸಿವು ನೀಗಿಸಿದವೆಂಬುದು ಅಲ್ಲಿಯವರ ದಂತಕಥೆ. ಉದ್ಯಾನದಲ್ಲಿ ಏರುದಾರಿ, ಮೆಟ್ಟಿಲುಗಳಿವೆ. ಮೊಣಕಾಲು ಒಪ್ಪದಿದ್ದರೆ ಕೆಳಗಿನ ಕೆರೆಯ ಬದಿಯಲ್ಲೇ ಕೂತುಕೊಳ್ಳಿ. ಶೌಚಾಲಯಗಳು ಬಹುತೇಕ ಕುಕ್ಕುರುಗಾಲಿನಲ್ಲಿ ಕೂರುವಂಥವು. ನೀರಿನ ಬಾಟಲಿ ಜೊತೆಗಿರಲಿ.

ಮೂರನೆಯ ದಿನ: ಊಟ

ಚೀನೀ ಭಾಷೆಯಲ್ಲಿ ಮಾಂಸಕ್ಕೆ ‘ರೌ’ ಎನ್ನುತ್ತಾರೆ. ಬರೀ ‘ರೌ’ ಎಂದರೆ ಸಾಮಾನ್ಯವಾಗಿ ಹಂದಿಮಾಂಸವೆಂದೇ ಅರ್ಥ. ತರಕಾರಿ ಖಾದ್ಯಕ್ಕೂ ಹಂದಿಯ ಕೊಬ್ಬು ಬಳಸುವುದುಂಟು. ಹಾಗಾಗಿ ಕೈಸನ್ನೆಯಲ್ಲಿ ಕೇಳಿ ತಿನ್ನುವುದು ಬೇಡ. ನೀವು ಕಲಿಯಬೇಕಾದ ಪದ ಒಂದೇ: ‘ಚಿಂಗ್‌ಝೆನ್’. ಶುದ್ಧ, ಸತ್ಯ ಎಂದು ಅದರ ಅರ್ಥ. ಹಲಾಲ್ ಹೋಟೆಲುಗಳ ಫಲಕದಲ್ಲಿರುವುದು ಇದೇ ಪದ. ಚೀನಾದಲ್ಲಿ ಮಸೀದಿಯ ಹೆಸರೂ ‘ಚಿಂಗ್‌ಝೆನ್‌ಸಿ’. ವಾಯವ್ಯ ಪ್ರಾಂತಗಳಿಂದ ಬಂದ ಹ್ವೇ ಮುಸ್ಲಿಮರ ಪುಟ್ಟ ಹೋಟೆಲುಗಳಲ್ಲಿ ಹಿಟ್ಟನ್ನು ಕೈಯಲ್ಲೇ ಎಳೆದೆಳೆದು ಶ್ಯಾವಿಗೆ ಮಾಡಿ, ದನದ ಮಾಂಸದ ಬಿಸಿ ಸಾರಿನಲ್ಲಿ ಹಾಕಿ ಕೊಡುತ್ತಾರೆ. ಹಲ್ಲಿಲ್ಲದವರಿಗೂ ಸಲ್ಲುವ ಊಟ. ಕುಡಿಯಲು ಬಿಸಿನೀರು ಕೇಳಿದರೆ ಯಾರೂ ಆಶ್ಚರ್ಯಪಡುವುದಿಲ್ಲ, ಅದು ಅವರದೇ ರೂಢಿ. ಹಣ ಪಾವತಿಯೆಲ್ಲ ಮೊಬೈಲಿನಲ್ಲೇ. ಆದರೂ ಸ್ವಲ್ಪ ಯುವಾನ್ ನೋಟು ಕೈಯಲ್ಲಿರಲಿ.

ನಾಲ್ಕನೆಯ ದಿನ: ಮಸೀದಿ

ಸಾಧ್ಯವಾದರೆ ಈ ದಿನ ಶುಕ್ರವಾರವಾಗಿರಲಿ. ಶಿಮೆನ್‌ಕೌ ಮೆಟ್ರೋ ನಿಲ್ದಾಣದ ಸಮೀಪ ಹುವಾಯ್‌ಶೆಂಗ್ ಮಸೀದಿಯಿದೆ. ಪ್ರವಾದಿಯವರ(ಸ) ಸ್ಮರಣೆ ಎಂಬುದು ಆ ಹೆಸರಿನ ಭಾವ. ಸುಮಾರು 36 ಮೀಟರ್ ಎತ್ತರದ ಅದರ ದುಂಡನೆಯ ಮಿನಾರಕ್ಕೆ ಬೆಳಕಿನ ಗೋಪುರವೆಂದು ಹೆಸರು. ಹಿಂದೆ ಪರ್ಲ್ ನದಿ ಹತ್ತಿರದಲ್ಲೇ ಹರಿಯುತ್ತಿದ್ದಾಗ ಅದು ಹಡಗುಗಳಿಗೂ ದಾರಿ ತೋರಿಸುತ್ತಿತ್ತು. ಮಸೀದಿಯನ್ನು 1350ರಲ್ಲಿ, ಬೆಂಕಿಗೆ ತುತ್ತಾದ ಬಳಿಕ 1695ರಲ್ಲಿ ಮತ್ತೆ ಕಟ್ಟಲಾಯಿತು.

ಇದನ್ನು ಕಟ್ಟಿಸಿದವರು ಸಹಾಬಿ ಸಅದ್ ಬಿನ್ ಅಬೀ ವಕ್ಕಾಸ್(ರ) ಎಂದು ಚೀನೀ ಮುಸ್ಲಿಮರು ನಂಬುತ್ತಾ ಬಂದಿದ್ದಾರೆ. ಉದ್ಯಾನದ ಬಳಿಯ ಶಿಯನ್‌ಶಿಯನ್ ಮಸೀದಿಯ ಆವರಣದಲ್ಲಿ ಅವರದೆನ್ನಲಾಗುವ ಸಮಾಧಿಯೂ ಇದೆ. ಆದರೆ ಅವರು ಮದೀನಾದ ಸಮೀಪ ನಿಧನರಾಗಿ ಬಕೀಅ್‌ನಲ್ಲಿ ದಫನಗೊಂಡರೆಂದು ಅರಬಿ ಚರಿತ್ರೆ ಗ್ರಂಥಗಳು ದಾಖಲಿಸಿವೆ. ನಂಬಿಕೆಯನ್ನು ಚರಿತ್ರೆಯೆಂದು ತಿಳಿಯಬೇಕಾಗಿಲ್ಲ, ಅಲ್ಲಿಯವರೊಂದಿಗೆ ವಾದಿಸಲೂ ಬೇಕಾಗಿಲ್ಲ. ಮಣ್ಣಿನಡಿ ಯಾರೇ ಮಲಗಿರಲಿ, ಮನೆಮಠ ಬಿಟ್ಟು ಕಡಲು ದಾಟಿ ಬಂದು ಊರಿಗೆ ಮರಳದವರು ಈ ನಗರದಲ್ಲಿ ಅನೇಕರಿದ್ದರೆಂಬುದು ಮಾತ್ರ ಸತ್ಯ.

ಅಲ್ಲಿ ಇಮಾಮರಿಗೆ ‘ಅಹೊಂಗ್’ ಎನ್ನುತ್ತಾರೆ. ಅವರು ಹನಫಿಗಳು. ನೀವು ಶಾಫಿಯಾಗಿದ್ದರೆ ಅಸರ್ ತುಸು ತಡವಾಗಿ ಕಂಡೀತು. ಮಾತು ಒಂದೂ ತಿಳಿಯದು. ಆದರೆ ಇಮಾಮರು ಫಾತಿಹಾ ಓದತೊಡಗಿದಾಗ ನಾಲ್ಕು ದಿನಗಳಲ್ಲಿ ಮೊದಲ ಬಾರಿಗೆ ಎಲ್ಲವೂ ನಿಮಗೆ ಪರಿಚಿತವೆನಿಸುತ್ತದೆ. ಸಲಾಮ್ ಹೇಳಿ ಬಲಕ್ಕೆ ತಿರುಗಿದಾಗ ಪಕ್ಕದಲ್ಲಿರುವುದು ಒಬ್ಬ ಚೀನೀ ವೃದ್ಧರಿರಬಹುದು. ಅವರಿಗೂ ನಿಮ್ಮಂತೆಯೇ ಏಳಲು ಕೈ ಊರಬೇಕು. ಅವರೊಂದಿಗೆ ಮಾತಾಡಲು ನಿಮಗೆ ಇನ್ಯಾವ ಭಾಷೆ ಬೇಕು?

ಆ ಸಂಜೆ ಮಗ ಬಂದಾಗ ಕಿಟಕಿಯಿಂದ ಕಂಡದ್ದನ್ನಲ್ಲ, ನಡೆದು ನೋಡಿದ್ದನ್ನು ಅವನಿಗೆ ಹೇಳಿ. ಅಲ್ಲಾಹನು ನಿಮ್ಮ ಪ್ರಯಾಣವನ್ನು ಸುಗಮಗೊಳಿಸಲಿ.